ಸ್ಕೆಚ್‌ಬುಕ್ ಪುಟವನ್ನು ತೈಲವರ್ಣಕ್ಕೆ ಸಿದ್ಧಪಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿಯ ಚಿತ್ರಕಲಾ ವಿದ್ಯಾರ್ಥಿಗಳು, ರಜೆಯ ದಿನ ಕೋಟೆಯ ಮುಂದೆಯೋ ಕೆರೆಯ ದಂಡೆಯಲ್ಲೋ ಕುಳಿತು ಚಿತ್ರ ಬರೆಯುವ ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಉತ್ತರಗಳೆಲ್ಲ ಒಂದೇ ಮಾತಿನ ಸುತ್ತ ತಿರುಗುತ್ತವೆ: ಎಣ್ಣೆ ಕಾಗದದ ನಾರನ್ನು ಮುಟ್ಟಬಾರದು. ಅದನ್ನು ಹೇಗೆ ಸಾಧಿಸುವುದು, ಅದೂ ನಮ್ಮ ಬಿಸಿಲಿನಲ್ಲಿ, ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನಿನಲ್ಲಿ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಾಗದದ ಮೇಲೆ ನೇರವಾಗಿ ತೈಲವರ್ಣ ಹಚ್ಚಿದರೆ ಏನಾಗುತ್ತದೆ? ಹಚ್ಚಿದ ದಿನ ಚೆನ್ನಾಗಿಯೇ ಕಾಣುತ್ತದಲ್ಲ?

ಹಚ್ಚಿದ ದಿನ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಜನ ಮೋಸ ಹೋಗುವುದು.

ತೈಲವರ್ಣವೆಂದರೆ ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ, ಹೆಚ್ಚಾಗಿ ಅಗಸೆ ಎಣ್ಣೆಯಲ್ಲಿ, ಅರೆದದ್ದು. ಕಾಗದವೆಂದರೆ ಸೆಲ್ಯುಲೋಸ್ ನಾರಿನ ಹೆಣಿಗೆ. ಮಿರ್ಚಿ ಭಜಿ ಕಟ್ಟಿಕೊಟ್ಟ ಪತ್ರಿಕೆಯ ತುಂಡಿನಲ್ಲಿ ಎಣ್ಣೆ ಹರಡುವಂತೆಯೇ ಇಲ್ಲಿಯೂ ಬಣ್ಣದೊಳಗಿನ ಎಣ್ಣೆ ನಾರಿಗೆ ಇಳಿಯುತ್ತದೆ. ಇದರಿಂದ ಎರಡು ಕಡೆ ಹಾನಿ. ಮೊದಲನೆಯದು ಬಣ್ಣಕ್ಕೆ. ಪುಡಿಯನ್ನು ಹಿಡಿದಿಟ್ಟುಕೊಳ್ಳಬೇಕಾದ ಎಣ್ಣೆಯೇ ಹೊರಟುಹೋದ ಮೇಲೆ ಬಣ್ಣ ಮಂಕಾಗುತ್ತದೆ, ಬೆರಳಾಡಿಸಿದರೆ ಸುಣ್ಣದಂತೆ ಉದುರುತ್ತದೆ. ಎರಡನೆಯದು ಕಾಗದಕ್ಕೆ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆ ಕ್ರಿಯೆಯಲ್ಲಿ ಆಮ್ಲಗಳು ಹುಟ್ಟುತ್ತವೆ. ಅವು ನಾರನ್ನು ತಿನ್ನುತ್ತಾ ಹೋಗುತ್ತವೆ. ಕಾಗದ ಮೊದಲು ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಮಡಿಸಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಬಿಸಿಲು ಹೆಚ್ಚಿದ್ದಲ್ಲಿ ಇದೆಲ್ಲ ಇನ್ನೂ ಬೇಗ ನಡೆಯುತ್ತದೆ. ನಮ್ಮೂರಿನ ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿ ಇಟ್ಟ ಚಿತ್ರಗಳ ಗತಿಯನ್ನು ನೀವೇ ಊಹಿಸಿ.

ನಮ್ಮ ಹಳೆಯ ಕಿರುಚಿತ್ರಗಳೂ ಕಾಗದದ ಮೇಲೆಯೇ ಇವೆಯಲ್ಲ, ಅವು ಉಳಿದಿಲ್ಲವೇ ಎಂದು ಕೇಳುವವರಿದ್ದಾರೆ. ಅವು ಉಳಿದಿವೆ, ಏಕೆಂದರೆ ಆ ಬಣ್ಣಗಳನ್ನು ಗೋಂದಿನ ನೀರಿನಲ್ಲಿ ಕಲಸಿದ್ದರು. ಗೋಂದು ಕಾಗದಕ್ಕೆ ಹಗೆಯಲ್ಲ. ಎಣ್ಣೆ ಹಗೆ.

ಇಷ್ಟೆಲ್ಲ ತೊಂದರೆ ಇದ್ದರೆ ಕ್ಯಾನ್ವಾಸ್ ಮೇಲೆಯೇ ಬರೆಯಬಹುದಲ್ಲ?

ದೊಡ್ಡ ಚಿತ್ರಕ್ಕೆ ಕ್ಯಾನ್ವಾಸ್ ಸರಿ. ಅಭ್ಯಾಸಕ್ಕೆ ಅಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಡಗಿಯವರಿಂದ ಚೌಕಟ್ಟು ಮಾಡಿಸಿ, ಬಟ್ಟೆ ಬಿಗಿದು, ಹಣ ಸುರಿದು ತಂದ ಕ್ಯಾನ್ವಾಸಿನ ಮುಂದೆ ನಿಂತ ವಿದ್ಯಾರ್ಥಿಯ ಕೈ ನಡುಗುತ್ತದೆ. ಅದೇ ಹುಡುಗ ಅಂಗೈ ಅಗಲದ ಪುಟದ ಮೇಲೆ ಒಂದೇ ಬೆಳಿಗ್ಗೆ ಮೂರು ಸಲ ಬರೆಯುತ್ತಾನೆ, ಮೂರನೆಯದರಲ್ಲಿ ಬೆಳಕನ್ನು ಹಿಡಿಯುತ್ತಾನೆ. ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯೊಳಗೆ ಕಮಾನಿನ ಹಿಂದೆ ಕಮಾನು, ನೆರಳಿನ ಹಿಂದೆ ನೆರಳು. ಅಲ್ಲಿ ಬೆಳಕು ಸರಿಯುವ ವೇಗಕ್ಕೆ ಸ್ಕೆಚ್‌ಬುಕ್ ಒಂದೇ ಹೊಂದುತ್ತದೆ.

ಕಾಗದದ ಮೇಲೆ ಎಣ್ಣೆಯಲ್ಲಿ ಬರೆಯುವುದು ಹೊಸ ಚಾಳಿಯೂ ಅಲ್ಲ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಕುಳಿತು ಮೋಡಗಳನ್ನು ಅಭ್ಯಾಸ ಮಾಡಿದ್ದು ಎಣ್ಣೆ ಬಣ್ಣದಲ್ಲಿ, ಕಾಗದದ ಮೇಲೆ. ಫ್ರಾನ್ಸಿನ ಕೊರೋ ಇಟಲಿಯಲ್ಲಿ ಬರೆದ ಹಲವು ಬಯಲು ಚಿತ್ರಗಳೂ ಹಾಗೆಯೇ. ಅವುಗಳಲ್ಲಿ ಹಲವನ್ನು ಆಮೇಲೆ ಕ್ಯಾನ್ವಾಸಿಗೆ ಅಂಟಿಸಿದರು. ತೈಲವರ್ಣದ ವಿಷಯದಲ್ಲಿ ನಮ್ಮೂರಿಗೂ ಹೆಮ್ಮೆಯ ಪರಂಪರೆಯಿದೆ. ಸಿನಿಮಾ ಭಿತ್ತಿಪತ್ರಗಳಿಂದ, ಪುರಾಣದ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತರಾದ ಎಸ್.ಎಂ. ಪಂಡಿತ್ (1916–1993) ಕಲಬುರಗಿಯವರು.

ಎಂಥ ಸ್ಕೆಚ್‌ಬುಕ್ ಕೊಳ್ಳಬೇಕು?

ಮೊದಲು ನೋಡಬೇಕಾದದ್ದು ಕಾಗದದ ತೂಕ. ಹಿಂಬದಿಯಲ್ಲಿ ಜಿಎಸ್‌ಎಂ ಎಂದು ಬರೆದಿರುತ್ತದೆ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 100–120 ಜಿಎಸ್‌ಎಂ ಕಾಗದ ಪೆನ್ಸಿಲ್ಲಿಗೆ ಸಾಕು, ಎಣ್ಣೆ ತಡೆಯಲು ಹಚ್ಚುವ ಲೇಪಕ್ಕೆ ಸಾಲದು, ಒದ್ದೆಯಾದೊಡನೆ ಅಲೆ ಏಳುತ್ತದೆ. 200 ಜಿಎಸ್‌ಎಂ ಇದ್ದರೆ ಕೆಲಸ ನಡೆಯುತ್ತದೆ. 300 ಜಿಎಸ್‌ಎಂನ ಜಲವರ್ಣ ಕಾಗದ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ನೂರಕ್ಕೆ ನೂರು ಹತ್ತಿಯ ಕಾಗದ ದುಬಾರಿ, ಆದರೆ ಬಾಳಿಕೆಯಲ್ಲಿ ಮರದ ತಿರುಳಿನ ಕಾಗದಕ್ಕಿಂತ ಬಹಳ ಮೇಲು. ಆಮ್ಲರಹಿತ ಎಂದು ಬರೆದಿದೆಯೇ ಎಂಬುದನ್ನೂ ನೋಡಿ. ಎಣ್ಣೆಯ ಆಮ್ಲವನ್ನು ಲೇಪದಿಂದ ತಡೆದರೂ ಕಾಗದವೇ ಆಮ್ಲ ಹೊತ್ತು ಬಂದಿದ್ದರೆ ಏನು ಫಲ?

ಎರಡನೆಯದು ಹೊಲಿಗೆ. ಲೇಪ ಹಚ್ಚಿದ ಪುಟ ದಪ್ಪವಾಗುತ್ತದೆ, ಬಣ್ಣ ಬಿದ್ದ ಮೇಲೆ ಇನ್ನೂ ದಪ್ಪ. ಬೆನ್ನಿಗೆ ಅಂಟು ಹಾಕಿದ ಪುಸ್ತಕ ಬಾಯಿ ತೆರೆದುಕೊಂಡು ಹರಿಯುತ್ತದೆ. ತಂತಿಯ ಸುರುಳಿ ಇರುವ ಪುಸ್ತಕ ಕೊಳ್ಳಿ. ದಾರದ ಹೊಲಿಗೆಯದೇ ಇಷ್ಟವಿದ್ದರೆ ಒಂದು ಬಿಟ್ಟು ಒಂದು ಹಾಳೆಯನ್ನು ಬುಡದಲ್ಲಿ ಬೆರಳಗಲ ಉಳಿಸಿ ಕತ್ತರಿಸಿ ತೆಗೆಯಿರಿ. ತೆಗೆದ ಹಾಳೆಗಳು ಪರೀಕ್ಷೆಗೆ ಉಪಯೋಗಕ್ಕೆ ಬರುತ್ತವೆ.

ಸೈಜ್ ಮತ್ತು ಗೆಸ್ಸೋ ಎರಡೂ ಒಂದೇ ಅಲ್ಲವೇ?

ಅಲ್ಲ. ನಮ್ಮಲ್ಲಿ ಆಗುವ ಬಹುಪಾಲು ಗೊಂದಲಕ್ಕೆ ಮೂಲ ಇದೇ. ಪುಟ ಬೆಳ್ಳಗಾದರೆ ಸಿದ್ಧವಾಯಿತು ಎಂದು ತಿಳಿಯುತ್ತಾರೆ.

ಸೈಜ್ ಎಂದರೆ ತಡೆ. ನಾರಿನ ಸಂದುಗಳನ್ನು ತುಂಬಿ, ಎಣ್ಣೆ ಒಳಗಿಳಿಯದಂತೆ ಬಾಗಿಲು ಹಾಕುವ ತೆಳುವಾದ ಲೇಪ. ಅದಕ್ಕೆ ಬಿಳುಪು ಬೇಕಿಲ್ಲ. ಗೆಸ್ಸೋ ಎಂದರೆ ನೆಲೆ. ಬಣ್ಣ ಕಚ್ಚಿಕೊಳ್ಳಲು ಬೇಕಾದ ಸ್ವಲ್ಪ ಒರಟು, ಸ್ವಲ್ಪ ಹೀರಿಕೆ ಅದರಲ್ಲಿರುತ್ತದೆ. ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಗೆಸ್ಸೋದಲ್ಲಿ ಅಕ್ರಿಲಿಕ್ ಅಂಟು, ಸುಣ್ಣದ ಪುಡಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಟೈಟಾನಿಯಂ ಬಿಳಿ ಇರುತ್ತವೆ. ಆ ಪುಡಿಗಳಿಂದಲೇ ಅದು ತುಸು ಹೀರುವ ಗುಣ ಪಡೆಯುತ್ತದೆ. ನೀರು ಬೆರೆಸಿ ತೆಳುವಾಗಿ ಒಂದೇ ಸಲ ಬಳಿದ ಗೆಸ್ಸೋ ಎಣ್ಣೆಯನ್ನು ತಡೆಯುತ್ತದೆ ಎಂದು ನಂಬಬೇಡಿ. ಒಳ್ಳೆಯ ಗೆಸ್ಸೋವನ್ನು ಎರಡು ಮೂರು ಸಲ ಹಚ್ಚಿದರೆ ಅದೊಂದೇ ಎರಡೂ ಕೆಲಸ ಮಾಡಬಲ್ಲದು, ನಿಜ. ಆದರೂ ಕೆಳಗೆ ಒಂದು ಸೈಜ್ ಲೇಪ ಇದ್ದರೆ ನಿಶ್ಚಿಂತೆ.

ಸೈಜ್‌ಗೆ ನಾನು ಸೂಚಿಸುವುದು ಅಕ್ರಿಲಿಕ್ ಮ್ಯಾಟ್ ಮೀಡಿಯಂ, ಅಂದರೆ ಬಣ್ಣ ಸೇರಿಸದ, ಒಣಗಿದಾಗ ಹೊಳಪಿಲ್ಲದ ಪಾರದರ್ಶಕ ಅಕ್ರಿಲಿಕ್ ಅಂಟು. ಚಿತ್ರಕಾರರಿಗೆಂದೇ ಮಾಡಿದ, ಆಮ್ಲರಹಿತ ಪಿವಿಎ (ಪಾಲಿವಿನೈಲ್ ಅಸಿಟೇಟ್ ಅಂಟು) ಸೈಜ್ ಸಿಕ್ಕರೆ ಅದೂ ಆಗುತ್ತದೆ.

ಹಚ್ಚುವ ಕ್ರಮವನ್ನು ಮೊದಲಿಂದ ಕೊನೆಯವರೆಗೆ ಹೇಳಿ.

ಬೇಕಾದದ್ದು ಇಷ್ಟು: ಒಂದೂವರೆ ಅಥವಾ ಎರಡು ಅಂಗುಲದ ಮೆತ್ತನೆಯ ಚಪ್ಪಟೆ ಬ್ರಷ್, ಮ್ಯಾಟ್ ಮೀಡಿಯಂ, ಗೆಸ್ಸೋ, ಎರಡು ಬಟ್ಟಲು, ಮಾಸ್ಕಿಂಗ್ ಟೇಪ್, ನುಣುಪು ಸ್ಯಾಂಡ್ ಪೇಪರ್, ಬೇಕಿಂಗ್‌ಗೆ ಬಳಸುವ ಸಿಲಿಕಾನ್ ಲೇಪದ ಕಾಗದ.

ಸಿದ್ಧಪಡಿಸುವ ಪುಟದ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲದಿದ್ದರೆ ಒದ್ದೆ ಮುಂದಿನ ಪುಟಕ್ಕೆ ಇಳಿಯುತ್ತದೆ. ಪುಟದ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ. ಟೇಪನ್ನು ಒಮ್ಮೆ ಬಟ್ಟೆಗೆ ಅಂಟಿಸಿ ಕಿತ್ತರೆ ಅದರ ಬಿಗಿ ಕಡಿಮೆಯಾಗಿ ಕಾಗದ ಹರಿಯುವುದಿಲ್ಲ. ಮ್ಯಾಟ್ ಮೀಡಿಯಂಗೆ ಸ್ವಲ್ಪವೇ ನೀರು ಬೆರೆಸಿ, ಬ್ರಷ್ಷಿನಿಂದ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಎಳೆದ ಮೇಲೆ ಪುಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕಿಟಕಿಯ ಬೆಳಕಿಗೆ ವಾರೆಯಾಗಿ ಹಿಡಿದು ನೋಡಿ. ಲೇಪ ಬಿದ್ದಲ್ಲಿ ಒದ್ದೆಯ ಹೊಳಪು ಇರುತ್ತದೆ, ತಪ್ಪಿದಲ್ಲಿ ಕಾಗದದ ಒಣ ಮಂಕು ಕಾಣುತ್ತದೆ. ಅಂಥ ಜಾಗ ಹೆಚ್ಚಾಗಿ ಸಿಗುವುದು ಟೇಪಿನ ಅಂಚಿನ ಪಕ್ಕದಲ್ಲಿ ಮತ್ತು ಪುಸ್ತಕದ ಬೆನ್ನಿನ ಬದಿಯಲ್ಲಿ, ಬ್ರಷ್ ಸರಿಯಾಗಿ ತಲುಪದ ಕಡೆ. ಒದ್ದೆ ಇರುವಾಗಲೇ ಅಲ್ಲಿ ಮತ್ತೆ ಎಳೆಯಿರಿ. ಸೂಜಿಮೊನೆಯಷ್ಟು ಜಾಗ ಬಿಟ್ಟರೂ ಎಣ್ಣೆಗೆ ಅದೇ ದಾರಿ.

ಒಣಗಿದ ಮೇಲೆ ಅಡ್ಡ ದಿಕ್ಕಿನಲ್ಲಿ ಇನ್ನೊಂದು ಸಲ ಮೀಡಿಯಂ. ಮೊದಲ ಲೇಪದ ಕುಂಚದ ಗೆರೆಗಳ ನಡುವೆ ಉಳಿದ ಸಂದುಗಳನ್ನು ಎರಡನೆಯದು ಮುಚ್ಚುತ್ತದೆ. ಅದು ಪೂರ್ತಿ ಒಣಗಿದ ಮೇಲೆ ಗೆಸ್ಸೋ. ಗೆಸ್ಸೋ ತುಂಬ ಗಟ್ಟಿಯಿದ್ದರೆ ನೀರು ಬೆರೆಸಬಹುದು, ಆದರೆ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಅಂಟು ಸಡಿಲವಾಗಿ ಲೇಪ ದುರ್ಬಲವಾಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಬೆರೆಸಲು ಕುಡಿಯುವ ಶುದ್ಧ ನೀರನ್ನೇ ಬಳಸಿ. ಗೆಸ್ಸೋ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ. ನುಣುಪಾದ ಮೈ ಬೇಕಿದ್ದರೆ ನಡುವೆ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ. ಉಜ್ಜುವಾಗ ಮೂಗು ಬಾಯಿಗೆ ಬಟ್ಟೆಯಿರಲಿ.

ಬ್ರಷ್ಷನ್ನು ಆ ಕ್ಷಣವೇ ತೊಳೆಯಿರಿ. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ.

ಸಿದ್ಧವಾಯಿತೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಪುಟದ ಜೊತೆಗೇ ಒಂದು ತುಂಡು ಹಾಳೆಗೂ ಅಷ್ಟೇ ಲೇಪ ಹಚ್ಚಿಡಿ. ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಒಂದು ಹನಿ ಅಗಸೆ ಎಣ್ಣೆ ಬಿಟ್ಟು ಒಂದು ದಿನ ಹಾಗೇ ಇಡಿ. ಮರುದಿನ ಹಿಂಬದಿ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಎಣ್ಣೆ ಇಳಿದಿದ್ದರೆ ಆ ಜಾಗ ಗಾಜಿನಂತೆ ಅರೆಪಾರದರ್ಶಕವಾಗಿ ಕಾಣುತ್ತದೆ. ಏನೂ ಕಾಣದಿದ್ದರೆ ಲೇಪ ಸರಿಯಾಗಿದೆ. ಹೊಸ ಗೆಸ್ಸೋ ಡಬ್ಬಿ ತಂದಾಗ, ಹೊಸ ಪುಸ್ತಕ ಕೊಂಡಾಗ ಈ ಪರೀಕ್ಷೆಯನ್ನು ಬಿಡಬೇಡಿ. ಯಾರ ಮಾತಿಗಿಂತಲೂ, ನನ್ನ ಮಾತಿಗಿಂತಲೂ, ಈ ಹನಿಯ ಮಾತು ದೊಡ್ಡದು.

ಗೆಸ್ಸೋ ಹಚ್ಚಿದ ಎಷ್ಟು ಹೊತ್ತಿಗೆ ಎಣ್ಣೆ ಬಣ್ಣ ಹಚ್ಚಬಹುದು?

ಮುಟ್ಟಿದರೆ ಒಣಗಿದಂತೆ ಅನ್ನಿಸುವುದು ಬೇರೆ, ಒಳಗಿನ ನೀರೆಲ್ಲ ಹೋಗಿ ಲೇಪ ಕೂಡಿಕೊಳ್ಳುವುದು ಬೇರೆ. ಕನಿಷ್ಠ 24 ಗಂಟೆ ಬಿಡಿ, ಮೂರು ದಿನ ಬಿಟ್ಟರೆ ಉತ್ತಮ. ಅದಕ್ಕೇ ಶನಿವಾರ ರಾತ್ರಿ ಹಚ್ಚಿ ಭಾನುವಾರ ಬೆಳಿಗ್ಗೆ ಹೊರಡುವ ಬದಲು ಐದಾರು ಪುಟಗಳನ್ನು ಹಿಂದಿನ ವಾರವೇ ಸಿದ್ಧಮಾಡಿಟ್ಟುಕೊಳ್ಳುವುದು ಜಾಣತನ.

ಪುಟ ಸುರುಳಿ ಸುತ್ತಿಕೊಳ್ಳುತ್ತದೆ. ಏನು ಮಾಡುವುದು?

ಒಂದು ಬದಿಗೆ ಮಾತ್ರ ಲೇಪ ಬಿದ್ದಾಗ ಆ ಬದಿ ಒಣಗುತ್ತಾ ಎಳೆದುಕೊಳ್ಳುತ್ತದೆ. ಹಿಂಬದಿಗೂ ಒಂದು ಸಲ ಮೀಡಿಯಂ ಹಚ್ಚಿದರೆ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಪೂರ್ತಿ ಒಣಗಿದ ಮೇಲೆ ಸಿಲಿಕಾನ್ ಕಾಗದದ ನಡುವೆ ಇಟ್ಟು ಭಾರ ಹೇರಿ. ಭಾರಕ್ಕೆ ನಮ್ಮಲ್ಲಿ ಹುಡುಕಾಡಬೇಕಿಲ್ಲ. ಮನೆ ಕಟ್ಟಿ ಉಳಿದ ಶಹಾಬಾದ್ ಕಲ್ಲಿನ ಪರಸಿ ಒಂದು ಎಲ್ಲರ ಹಿತ್ತಿಲಲ್ಲೂ ಗೋಡೆಗೆ ಒರಗಿರುತ್ತದೆ. ಮಟ್ಟಸ, ಭಾರ, ತಂಪು. ಪಾಲಿಶ್ ಮಾಡಿದ ಬದಿ ಕೆಳಗಿರಲಿ. ಒಂದು ರಾತ್ರಿ ಇಟ್ಟರೆ ಪುಟ ಹಲಗೆಯಂತೆ ನೇರವಾಗುತ್ತದೆ.

ಕಲಬುರಗಿಯ ಬೇಸಿಗೆಯಲ್ಲಿ ಗೆಸ್ಸೋ ಹಚ್ಚುವಷ್ಟರಲ್ಲೇ ಒಣಗಿ ಗೆರೆಗೆರೆಯಾಗುತ್ತದೆ. ಉಪಾಯವೇನು?

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಫ್ಯಾನ್ ಕೆಳಗೆ ಹಚ್ಚಿದರಂತೂ ಬ್ರಷ್ ಎರಡನೆಯ ಗೆರೆಗೆ ಬರುವಷ್ಟರಲ್ಲಿ ಮೊದಲನೆಯದು ಚರ್ಮ ಕಟ್ಟಿರುತ್ತದೆ. ಅದನ್ನು ಮತ್ತೆ ತಿದ್ದಲು ಹೋದರೆ ಲೇಪ ಕಿತ್ತು ಉಂಡೆಯುಂಡೆಯಾಗುತ್ತದೆ. ಸೂರ್ಯ ಏರುವ ಮೊದಲು, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಹಚ್ಚಿ. ಬ್ರಷ್ಷನ್ನು ಮೊದಲು ನೀರಿನಲ್ಲಿ ಅದ್ದಿ ಹಿಂಡಿಕೊಳ್ಳಿ. ಬಟ್ಟಲಿಗೆ ಆಗಾಗ ಬೇಕಾದಷ್ಟೇ ಸುರಿದುಕೊಂಡು ಡಬ್ಬಿಯ ಮುಚ್ಚಳ ಹಾಕಿಡಿ. ಹಚ್ಚಿದ ಪುಟವನ್ನು ಬೇಗ ಒಣಗಲೆಂದು ಮಾಳಿಗೆಯ ಬಿಸಿಲಿಗೆ ಇಡಬೇಡಿ, ನೆರಳಿನಲ್ಲೇ ಒಣಗಲಿ.

ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಆಗಸ್ಟ್, ಸೆಪ್ಟೆಂಬರ್‌ನ ಮೋಡ ಮುಸುಕಿದ ದಿನಗಳಲ್ಲಿ ಗೆಸ್ಸೋ ನಿಧಾನಕ್ಕೆ ಒಣಗುತ್ತದೆ. ಆಗ ಫ್ಯಾನ್ ಹಾಕಿ, ಕಾಯುವ ದಿನಗಳನ್ನೂ ಹೆಚ್ಚಿಸಿ. ಬೀದರ್‌ನವರು ಚಳಿಗಾಲದಲ್ಲಿ ಇನ್ನೊಂದನ್ನು ನೆನಪಿಡಬೇಕು. ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅಕ್ರಿಲಿಕ್ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಬೆಳಗಿನ ಜಾವ ಬೇಡ, ಹೊತ್ತೇರಿದ ಮೇಲೆ ಹಚ್ಚಿ.

ಗೆಸ್ಸೋ ದುಬಾರಿ. ಮರಗೆಲಸದ ಬಿಳಿ ಅಂಟು, ಗೋಡೆಯ ಪ್ರೈಮರ್, ಡಿಸ್ಟೆಂಪರ್ ನಡೆಯುವುದಿಲ್ಲವೇ?

ಈ ಪ್ರಶ್ನೆ ಕೇಳುವವರ ಕಷ್ಟ ನನಗೆ ಗೊತ್ತು. ಹಾಗೆಂದು ಸುಳ್ಳು ಸಮಾಧಾನ ಹೇಳಲಾರೆ. ಡಿಸ್ಟೆಂಪರ್ ಪುಡಿಯಾಗುವ ಸ್ವಭಾವದ್ದು, ಅದರ ಮೇಲಿನ ತೈಲವರ್ಣ ಅದರೊಡನೆಯೇ ಉದುರುತ್ತದೆ. ಗೋಡೆಯ ಪ್ರೈಮರ್ ಗಟ್ಟಿ ಗೋಡೆಗೆಂದು ಮಾಡಿದ್ದು, ತಿರುವಿ ಹಾಕುವ ಪುಟಕ್ಕಲ್ಲ. ಮರಗೆಲಸದ ಬಿಳಿ ಅಂಟು ಒಣಗಿದ ಮೇಲೂ ನೀರು ತಾಗಿದರೆ ಮೆತ್ತಗಾಗುತ್ತದೆ, ವರ್ಷಗಳು ಕಳೆದಂತೆ ಹಳದಿಗಟ್ಟಬಹುದು. ಬಿಸಾಡುವ ಅಭ್ಯಾಸಕ್ಕೆ ಏನು ಬೇಕಾದರೂ ಹಚ್ಚಿಕೊಳ್ಳಿ, ಇಟ್ಟುಕೊಳ್ಳುವ ಚಿತ್ರಕ್ಕೆ ಇವು ಬೇಡ.

ಹಣ ಉಳಿಸುವ ನೇರ ದಾರಿ ಬೇರೆಯಿದೆ. ಗೆಸ್ಸೋ ಬಿಟ್ಟುಬಿಡಿ, ಮ್ಯಾಟ್ ಮೀಡಿಯಂ ಒಂದನ್ನೇ ಎರಡು ಮೂರು ಸಲ ಹಚ್ಚಿ. ಕಾಗದದ ಸ್ವಂತ ಬಿಳುಪೇ ನೆಲೆಯಾಗುತ್ತದೆ. ಇಲ್ಲವೇ ನಾಲ್ಕೈದು ಗೆಳೆಯರು ಸೇರಿ ದೊಡ್ಡ ಡಬ್ಬಿ ತರಿಸಿ ಹಂಚಿಕೊಳ್ಳಿ, ಚಿಕ್ಕ ಬಾಟಲಿಗಳಿಗಿಂತ ಅದು ಯಾವಾಗಲೂ ಅಗ್ಗ.

ಸರೇಸು ಹಚ್ಚಬಹುದೇ? ಹಳೆಯ ಪುಸ್ತಕಗಳಲ್ಲಿ ಮೊಲದ ಚರ್ಮದ ಅಂಟು ಎಂದಿದೆ.

ಯುರೋಪಿನ ಹಳೆಯ ಚಿತ್ರಕಾರರು ಪ್ರಾಣಿಗಳ ಚರ್ಮದ ಅಂಟನ್ನೇ ಸೈಜ್ ಆಗಿ ಬಳಸಿದರು. ಆದರೆ ಅದು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೇ ತಿಂಗಳ ಒಣಹವೆ, ಜುಲೈನ ತೇವ, ಹೀಗೆ ವರ್ಷ ವರ್ಷವೂ ಹಿಗ್ಗಿ ಕುಗ್ಗಿದರೆ ಮೇಲಿನ ಬಣ್ಣ ಬಿರುಕು ಬಿಡುತ್ತದೆ. ಅದೇ ಅಂಟಿನಲ್ಲಿ ಸುಣ್ಣದ ಪುಡಿ ಕಲಸಿ ಮಾಡುವ ಸಾಂಪ್ರದಾಯಿಕ ಗೆಸ್ಸೋ ಮರದ ಹಲಗೆಗೆ ಸರಿ, ಬಾಗುವ ಕಾಗದದ ಮೇಲೆ ಸಿಡಿಯುತ್ತದೆ. ಅಂಗಡಿಯ ಸರೇಸು ಮರಗೆಲಸಕ್ಕೆಂದು ಬಂದದ್ದು, ಅದರ ಶುದ್ಧತೆ ಹೇಳಲಾಗದು. ಬಿಟ್ಟುಬಿಡಿ.

ನಮ್ಮ ಗಾಣದ ಅಗಸೆ ಎಣ್ಣೆ ಅಥವಾ ಮನೆಯ ಕುಸುಬೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಬಹುದೇ?

ಈ ಪ್ರಶ್ನೆ ನಮ್ಮ ಕಡೆ ಬಿಟ್ಟರೆ ಬೇರೆಲ್ಲೂ ಬರಲಿಕ್ಕಿಲ್ಲ, ಕೇಳಿದಾಗಲೆಲ್ಲ ಖುಷಿಯಾಗುತ್ತದೆ. ಅಗಸೆ ಮತ್ತು ಕುಸುಬೆ ನಮ್ಮ ಕರಿನೆಲದ ಹಿಂಗಾರು ಬೆಳೆಗಳು. ಅಗಸೆ ಚಟ್ನಿಪುಡಿ ಇಲ್ಲದ ಮನೆಯಿಲ್ಲ, ಕುಸುಬೆ ಎಣ್ಣೆಯ ಒಗ್ಗರಣೆ ಉಂಡು ಬೆಳೆದವರು ನಾವು. ಜಗತ್ತಿನ ಬಣ್ಣದ ಕಾರ್ಖಾನೆಗಳು ಬಳಸುವುದೂ ಇವೇ ಎರಡು ಬೀಜಗಳ ಎಣ್ಣೆಯನ್ನು. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಪದರ ಬಲವಾಗಿರುತ್ತದೆ, ಆದರೆ ಕಾಲಕ್ರಮೇಣ ಹಳದಿಗಟ್ಟುತ್ತದೆ. ಕುಸುಬೆ ಎಣ್ಣೆ ಅಷ್ಟು ಹಳದಿಯಾಗುವುದಿಲ್ಲ, ಅದಕ್ಕೇ ಬಿಳಿ ಮತ್ತು ತಿಳಿ ಬಣ್ಣಗಳನ್ನು ಹಲವು ತಯಾರಕರು ಅದರಲ್ಲಿ ಅರೆಯುತ್ತಾರೆ. ಆದರೆ ಅದು ನಿಧಾನಕ್ಕೆ ಒಣಗುತ್ತದೆ, ಪದರವೂ ಅಷ್ಟು ಗಟ್ಟಿಯಲ್ಲ.

ಹಾಗಿದ್ದರೂ ಅಡುಗೆಮನೆಯ ಬಾಟಲಿಗೆ ಕೈ ಹಾಕಬೇಡಿ. ಗಾಣದಿಂದ ಬಂದ ಅಗಸೆ ಎಣ್ಣೆಯಲ್ಲಿ ಬೀಜದ ಲೋಳೆಯಂಶ ಉಳಿದಿರುತ್ತದೆ. ಅದನ್ನು ತೊಳೆದು ತೆಗೆಯದೆ ಬಣ್ಣಕ್ಕೆ ಬೆರೆಸಿದರೆ ಪದರ ಕೆಡುತ್ತದೆ. ಅಡುಗೆಯ ಎಣ್ಣೆಗಳಿಗೆ ಬೇಗ ಕೆಡದಿರಲೆಂದು ಪದಾರ್ಥ ಸೇರಿಸಿರಬಹುದು. ಕೆಡದಿರಲಿ ಎಂದರೆ ಆಮ್ಲಜನಕ ಹೀರದಿರಲಿ ಎಂದರ್ಥ, ಅಂದರೆ ಒಣಗದಿರಲಿ ಎಂದೇ. ಶೇಂಗಾ ಎಣ್ಣೆಯಂತೂ ಒಣಗುವ ಜಾತಿಯೇ ಅಲ್ಲ, ಚಿತ್ರ ವರ್ಷಗಟ್ಟಲೆ ಅಂಟಂಟಾಗಿಯೇ ಇರುತ್ತದೆ.

ಪುಟದ ಮೇಲೆ ಮೊದಲೇ ಪೆನ್ಸಿಲ್ ರೇಖೆಗಳಿವೆ. ಅವನ್ನು ಉಳಿಸಿಕೊಂಡು ಸಿದ್ಧಪಡಿಸಬಹುದೇ?

ಪಾರದರ್ಶಕ ಮ್ಯಾಟ್ ಮೀಡಿಯಂ ಹಚ್ಚಿ, ರೇಖೆ ಹಾಗೆಯೇ ಕಾಣುತ್ತದೆ. ಮೆತ್ತನೆಯ ಪೆನ್ಸಿಲ್ ಆಗಿದ್ದರೆ ಮೊದಲ ಸಲ ಬ್ರಷ್ಷನ್ನು ಒತ್ತದೆ ಒಂದೇ ಸಲ ಎಳೆದು ಬಿಡಿ, ಹಿಂದೆ ಮುಂದೆ ಆಡಿಸಿದರೆ ಮಸಿ ಹರಡುತ್ತದೆ.

ಬಿಳಿ ಪುಟದ ಬದಲು ಬಣ್ಣದ ನೆಲೆ ಮಾಡಿಕೊಳ್ಳಬೇಕೇ?

ಬಯಲಿನಲ್ಲಿ ಬರೆಯುವವರು ಖಂಡಿತ ಮಾಡಿಕೊಳ್ಳಿ. ನಮ್ಮ ಬಿಸಿಲಿನಲ್ಲಿ ಬಿಳಿ ಪುಟ ಕಣ್ಣು ಕೋರೈಸುತ್ತದೆ. ಕಣ್ಣು ಕುಗ್ಗಿ ಬಣ್ಣಗಳೆಲ್ಲ ಇರುವುದಕ್ಕಿಂತ ಕಪ್ಪಾಗಿ ತೋರುತ್ತವೆ, ಮನೆಗೆ ತಂದು ನೋಡಿದರೆ ಚಿತ್ರದ ಲೆಕ್ಕ ತಪ್ಪಿರುತ್ತದೆ. ಕೊನೆಯ ಗೆಸ್ಸೋ ಲೇಪಕ್ಕೆ ಸ್ವಲ್ಪ ಅಕ್ರಿಲಿಕ್ ಬಣ್ಣ ಬೆರೆಸಿದರೆ ಸಾಕು.

ಯಾವ ಬಣ್ಣ ಎಂಬುದಕ್ಕೆ ನೆಲವೇ ಉತ್ತರ ಕೊಡುತ್ತದೆ. ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆ ಗೋಡೆಗಳನ್ನು ಬರೆಯುವವರು ತಿಳಿ ಬೂದು ಅಥವಾ ಹಸಿರು ಛಾಯೆಯ ಬೂದು ನೆಲೆ ಇಟ್ಟುಕೊಳ್ಳಿ. ಅದರ ಮೇಲೆ ಕೆಂಪು ಉರಿದು ನಿಲ್ಲುತ್ತದೆ. 1472ರ ಮಹಮೂದ್ ಗವಾನ್ ಮದರಸಾದ ಉಳಿದ ನೀಲಿ ಹಸಿರು ಹೆಂಚಿನ ತುಣುಕುಗಳಿಗೆ ಇದರ ತಿರುವು ಬೇಕು: ಬೆಚ್ಚನೆಯ ಮಣ್ಣಿನ ಬಣ್ಣದ ನೆಲೆ. ಯಾದಗಿರಿ ಬೆಟ್ಟದ ಉರುಟು ಬಂಡೆಗಳ ಸಂಜೆಗೂ ಅದೇ ಮಣ್ಣಿನ ನೆಲೆ ಒಪ್ಪುತ್ತದೆ. ತೊಗರಿ ಹೂಬಿಟ್ಟ ಹೊಲಗಳನ್ನು ನಾನು ನಡುಮಟ್ಟದ ಬೂದಿನ ಮೇಲೆ ಬರೆಯಲು ಇಷ್ಟಪಡುತ್ತೇನೆ. ಆ ಹಳದಿಯ ಕೆಳಗೆ ಕರಿಮಣ್ಣಿನ ತಂಪು ಸಣ್ಣಗೆ ಇಣುಕಬೇಕು.

ಸರಿಯಾಗಿ ಸಿದ್ಧಪಡಿಸಿದರೂ ಕೆಲವು ಕಡೆ ಬಣ್ಣ ಮಂಕಾಗಿದೆ. ಲೇಪ ಸೋತಿತೇ?

ಇರಲಿಕ್ಕಿಲ್ಲ. ಗೆಸ್ಸೋ ತುಸು ಹೀರುತ್ತದೆ, ಟರ್ಪೆಂಟೈನ್ ಹೆಚ್ಚು ಬೆರೆಸಿದ ತೆಳು ಬಣ್ಣ ಅದರ ಮೇಲೆ ಮಂಕಾಗುವುದು ಸಹಜ. ಹಿಂಬದಿ ನೋಡಿ. ಎಣ್ಣೆಯ ಕಲೆ ಇಲ್ಲದಿದ್ದರೆ ಹೆದರಬೇಕಿಲ್ಲ. ಮುಂದಿನ ಸಲ ಕೊನೆಯ ಗೆಸ್ಸೋ ಲೇಪದ ಮೇಲೆ ನೀರು ಬೆರೆಸಿದ ಮೀಡಿಯಂ ಒಂದು ಸಲ ಎಳೆದರೆ ಹೀರಿಕೆ ಕಡಿಮೆಯಾಗುತ್ತದೆ. ಎರಡು ಮೂರು ಪದರ ಬರೆಯುವವರು ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆಯ ಅಂಶ ಹೆಚ್ಚಿರುವಂತೆ ನೋಡಿಕೊಳ್ಳಿ. ಸ್ಕೆಚ್‌ಬುಕ್ ಪುಟದ ಮೇಲೆ ಬಣ್ಣವನ್ನು ಗುಡ್ಡೆ ಹಾಕಬೇಡಿ. ಪುಟ ಬಾಗುತ್ತದೆ, ಒಣಗಿದ ದಪ್ಪ ಬಣ್ಣ ಬಾಗುವುದಿಲ್ಲ.

ಪುಸ್ತಕ ಮುಚ್ಚಿದರೆ ಪುಟಗಳು ಅಂಟಿಕೊಳ್ಳುತ್ತವೆ.

ಇದರಲ್ಲಿ ಎರಡು ಬಗೆ. ಬಣ್ಣ ಒಣಗಿಲ್ಲದಿದ್ದರೆ ಅಂಟುವುದು ಸಹಜ. ಅಂಬರ್‌ನಂಥ ಮಣ್ಣಿನ ಬಣ್ಣಗಳು ಮ್ಯಾಂಗನೀಸ್ ಇರುವುದರಿಂದ ಒಂದೆರಡು ದಿನಗಳಲ್ಲಿ ಮುಟ್ಟುವಂತಾಗುತ್ತವೆ. ಟೈಟಾನಿಯಂ ಬಿಳಿ, ಐವರಿ ಕಪ್ಪು, ಕ್ಯಾಡ್ಮಿಯಂ ಬಣ್ಣಗಳು ವಾರ ತೆಗೆದುಕೊಳ್ಳಬಹುದು. ಅವಸರವಿದ್ದರೆ ಎಣ್ಣೆ ಬಣ್ಣವನ್ನು ಬೇಗ ಒಣಗಿಸುವ ಆಲ್ಕಿಡ್ ರಾಳದ ಮೀಡಿಯಂ ಬೆರೆಸಿ, ತೆಳು ಪದರ ಒಂದು ದಿನದ ಹೊತ್ತಿಗೆ ಮುಟ್ಟುವಷ್ಟು ಒಣಗುತ್ತದೆ. ಎರಡನೆಯದು ಹಲವರಿಗೆ ಗೊತ್ತಿಲ್ಲದ್ದು. ಏನೂ ಬರೆಯದ, ಬರೀ ಲೇಪ ಹಚ್ಚಿದ ಪುಟಗಳೂ ಬಿಸಿಯಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಏಕೆಂದರೆ ಅಕ್ರಿಲಿಕ್ ಶಾಖಕ್ಕೆ ಮೆತ್ತಗಾಗುತ್ತದೆ. ಬಿಸಿಲಿಗೆ ನಿಂತ ಕಾರಿನ ಸೀಟಿನ ಮೇಲೆ, ಬಸ್ಸಿನ ಮೇಲಿನ ಸಾಮಾನಿನ ನಡುವೆ ಸ್ಕೆಚ್‌ಬುಕ್ ಬಿಡಬೇಡಿ. ಪ್ರತಿ ಪುಟದ ನಡುವೆ ಸಿಲಿಕಾನ್ ಲೇಪದ ಕಾಗದ ಇರಲಿ. ಸ್ಟಿಕರ್‌ಗಳ ಹಿಂದಿನ ನುಣುಪು ಕಾಗದವೂ ಆಗುತ್ತದೆ.

ಹಸಿ ಚಿತ್ರ ಹೊತ್ತು ಬಸ್ಸಿನಲ್ಲಿ ಬರುವವರು ಪುಟದ ನಾಲ್ಕು ಮೂಲೆಯಲ್ಲಿ ದಪ್ಪ ರಟ್ಟಿನ ತುಂಡು ಅಂಟಿಸಿ, ಮೇಲೆ ಇನ್ನೊಂದು ರಟ್ಟು ಇಟ್ಟು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ.

ಎಣ್ಣೆ ಒರೆಸಿದ ಬಟ್ಟೆಯಿಂದ ಬೆಂಕಿ ಹತ್ತುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಹೋಗಲಾರದೆ ಒಳಗೇ ಏರಿ, ಕಿಡಿ ಇಲ್ಲದೆ ತಾನೇ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ಅಪಾಯ ಇನ್ನೂ ಹೆಚ್ಚು. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಟರ್ಪೆಂಟೈನ್ ಬಳಸುವ ಕೋಣೆಯ ಕಿಟಕಿ ತೆರೆದಿರಲಿ. ಅದರ ಬದಲು ಸೀಮೆಎಣ್ಣೆ ಬೇಡ.

ಲೇಪವಿಲ್ಲದೆ ಬರೆದ ಹಳೆಯ ಚಿತ್ರಗಳನ್ನು ಉಳಿಸಿಕೊಳ್ಳಬಹುದೇ?

ನಾರಿಗೆ ಇಳಿದ ಎಣ್ಣೆಯನ್ನು ಹೊರತೆಗೆಯಲಾಗದು. ಈಗ ಹಿಂಬದಿಗೆ ಲೇಪ ಹಚ್ಚಿಯೂ ಪ್ರಯೋಜನವಿಲ್ಲ. ಮೊದಲು ಒಳ್ಳೆಯ ಬೆಳಕಿನಲ್ಲಿ ಛಾಯಾಚಿತ್ರ ತೆಗೆದಿಡಿ. ಚಿತ್ರವನ್ನು ಮಡಿಸದೆ, ಸುತ್ತದೆ, ಆಮ್ಲರಹಿತ ರಟ್ಟಿನ ಮೇಲೆ ಚಪ್ಪಟೆಯಾಗಿ, ಬಿಸಿಲು ಮತ್ತು ಶಾಖದಿಂದ ದೂರವಿಡಿ. ಮನೆಯಲ್ಲಿ ಮಾಳಿಗೆಯ ಕೋಣೆಗಿಂತ ಕೆಳಗಿನ ಒಳಕೋಣೆ ಉತ್ತಮ.

ಸಿದ್ಧಪಡಿಸಿದ ಪುಟದ ಮೇಲಿನ ಚಿತ್ರವನ್ನು ಫ್ರೇಮ್ ಹಾಕಿಸುವುದು ಹೇಗೆ?

ಬಣ್ಣ ಚೆನ್ನಾಗಿ ಒಣಗಿದ ಮೇಲೆ ಪುಟವನ್ನು ಬಿಡಿಸಿ, ಲೇಪ ಹಚ್ಚಿದ ಹಲಗೆ ಅಥವಾ ಗಟ್ಟಿ ರಟ್ಟಿಗೆ ಅಕ್ರಿಲಿಕ್ ಮೀಡಿಯಂನಿಂದಲೇ ಅಂಟಿಸಿ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಒತ್ತುತ್ತಾ ಗಾಳಿಯ ಗುಳ್ಳೆ ಹೊರಗೆ ತಳ್ಳಿ, ಮೇಲೆ ಸಿಲಿಕಾನ್ ಕಾಗದ, ಅದರ ಮೇಲೆ ಭಾರ. ದಪ್ಪ ಬಣ್ಣವಿರುವ ಚಿತ್ರಕ್ಕೆ ಭಾರ ಬೇಡ, ಅಂಚುಗಳನ್ನು ಮಾತ್ರ ಒತ್ತಿ. ಗಾಜು ಹಾಕಿಸುವುದಾದರೆ ಗಾಜಿಗೂ ಚಿತ್ರಕ್ಕೂ ನಡುವೆ ಸಂದು ಬಿಡುವಂತೆ ಫ್ರೇಮಿನವರಿಗೆ ಹೇಳಿ.

ಪುಟದ ಹಿಂದೆ ಏನಾದರೂ ಬರೆದಿಡಬೇಕೇ?

ಬರೆದಿಡಿ. ಕಾಗದದ ಹೆಸರು ಮತ್ತು ತೂಕ, ಯಾವ ಮೀಡಿಯಂ ಎಷ್ಟು ಸಲ, ಯಾವ ಗೆಸ್ಸೋ ಎಷ್ಟು ಸಲ, ಹಚ್ಚಿದ ತಿಂಗಳು, ಚಿತ್ರ ಬರೆದ ದಿನಾಂಕ ಮತ್ತು ಜಾಗ. ಕೆಲವು ವರ್ಷಗಳ ಮೇಲೆ ಯಾವ ಪುಟ ಬಾಳಿತು, ಯಾವುದು ಹಳದಿಯಾಯಿತು ಎಂದು ನೋಡುವಾಗ ಈ ಎರಡು ಸಾಲು ಬೇಕಾಗುತ್ತವೆ. ಪೆನ್ಸಿಲ್ಲಿನಿಂದ ಬರೆಯಿರಿ, ಪೆನ್ನಿನ ಶಾಯಿ ಲೇಪದ ಒದ್ದೆಗೆ ಹರಡುತ್ತದೆ. ಹಿಂಬದಿಗೂ ಮೀಡಿಯಂ ಹಚ್ಚುವವರು ಹಚ್ಚುವ ಮೊದಲೇ ಬರೆದುಕೊಳ್ಳಿ.